ಹೇಗಿದ್ದೀಯೋ ಹಾಗೇ ಇರು

1988 ಮಾರ್ಚ್ 6

ಪ್ರೀತಿಯ ಕೋಲಣ್ಣಾ,

ನಿನ್ನ ಕಾಗದ ಬಂತು. ಕಾಗದ ಎನ್ನಬೇಕೋ ಚೀಟಿ ಎನ್ನಬೇಕೋ ತಿಳಿಯಲಿಲ್ಲ. ಬೆರಳಿಟ್ಟು ಓದಲು ಶುರು ಮಾಡುವಷ್ಟರಲ್ಲಿ ಮುಗಿದೇಹೋಯಿತು. ಮೊದಲೆಲ್ಲ ನೀನು ಬರೆದರೆ ಹಾಳೆ ಹಾಳೆ ಬರುತ್ತಿತ್ತು. ನನ್ನನ್ನು ಕುರುಡರ ಶಾಲೆಯ ಹಾಸ್ಟೆಲಿಗೆ ಸೇರಿಸಿದ ವರ್ಷ ಅಪ್ಪ ಅಮ್ಮ ಇಬ್ಬರಿಗೂ ಬಾರದ ಬ್ರೈಲನ್ನು ನನಗೋಸ್ಕರ ಕಣ್ಣಲ್ಲೇ ನೋಡಿ ಕಲಿತವನು ನೀನು. ಹಲಗೆ, ಮೊಳೆ ಹಿಡಿದು ಚುಕ್ಕಿ ಒತ್ತಿ ಒತ್ತಿ, ಬೆಕ್ಕು ಮರಿ ಹಾಕಿದ್ದರಿಂದ ಹಿಡಿದು ಅಮ್ಮ ನಿನ್ನ ಬೆನ್ನಿಗೆ ಕೊಟ್ಟ ಏಟಿನವರೆಗೆ ಒಂದನ್ನೂ ಬಿಡದೆ ಬರೆಯುತ್ತಿದ್ದೆ. ಈಗ ಮಗಳ ತಂದೆಯಾದ ಮೇಲೆ ಮೊಳೆ ಭಾರವಾಯಿತೇ?

ಇಲ್ಲಿ ಆಸ್ಪತ್ರೆಯ ಟೆಲಿಫೋನ್ ಕೋಣೆ ಇದ್ದ ಹಾಗೇ ಇದೆ. ಕಾಲ್ ಜೋಡಿಸಲು ನನ್ನ ಪಕ್ಕದ ಬೋರ್ಡಿಗೆ ಹೊಸಬಳು ಬಂದಿದ್ದಾಳೆ, ಕಣ್ಣಿರುವವಳು. ಮೊದಲ ದಿನ ನನ್ನ ಹತ್ತಿರ ಕಿರುಚಿ ಕಿರುಚಿ ಮಾತಾಡಿದಳು. "ಕಾಣಲ್ಲ ಅಷ್ಟೇ ಕಣಮ್ಮ, ಕಿವಿ ನಿನಗಿಂತ ಚೆನ್ನಾಗಿದೆ" ಎಂದೆ. ಈಗ ಒಳ್ಳೆಯ ಗೆಳತಿಯಾಗಿದ್ದಾಳೆ. ಔಷಧಿ ಕೊಡುವ ಕಿಟಕಿಯ ಕಾಂಪೌಂಡರ್ ಮಧ್ಯಾಹ್ನ ನಮ್ಮ ಕೋಣೆಗೆ ಬಂದು ಪೇಪರ್ ಓದಿ ಹೇಳುತ್ತಾರೆ. ಸಾವಿನ ಸುದ್ದಿ ಬಂದರೆ ಹಾರಿಸಿಬಿಡುತ್ತಾರೆ. ಹಾರಿಸಿದ್ದು ನನಗೆ ಗೊತ್ತಾಗುತ್ತದೆ. ಆ ಜಾಗದಲ್ಲಿ ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ.

ನಿನ್ನ ಪ್ರೆಸ್ಸಿನಲ್ಲಿ ಅಚ್ಚಾದ ಕ್ಯಾಲೆಂಡರನ್ನು ಕೋಣೆಯ ಗೋಡೆಗೆ ಹಾಕಿಸಿದ್ದೇನೆ. ಬಂದವರೆಲ್ಲ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಏನಿದೆ ಎಂದು ಒಬ್ಬರೂ ಹೇಳುವುದಿಲ್ಲ. ನೀನು ಬರಿ. ನೀನು ಹೇಳಿದ ಮೇಲೆಯೇ ನನ್ನ ಮಟ್ಟಿಗೆ ಅದು ಚಿತ್ರವಾಗುವುದು.

ನಮ್ಮ ವಟವಟಳಿಗೆ ಮುಂದಿನ ಹಲ್ಲು ಬಂತೇ? ಹಲ್ಲಿಲ್ಲದೆಯೇ ಅಷ್ಟು ಮಾತಾಡುವವಳು, ಬಂದ ಮೇಲೆ ನಿಮ್ಮ ಗತಿಯೇನು ಎಂದು ಯೋಚನೆಯಾಗುತ್ತದೆ.

ನಿನ್ನ ಅಕ್ಕ

1988 ಏಪ್ರಿಲ್ 2

ಪ್ರೀತಿಯ ಅಕ್ಕನಿಗೆ,

ಕಾಗದ ತಡವಾಯಿತು, ಬೈಯಬೇಡ. ಪ್ರೆಸ್ಸಿನಲ್ಲಿ ಶಾಲೆಯ ಪುಸ್ತಕಗಳ ಕೆಲಸ ಒಂದೇ ಸಮನೆ ನಡೆದಿದೆ. ಮನೆಗೆ ಬಂದರೆ ಊಟ ಮಾಡಿ ಮಲಗುವುದಷ್ಟೇ.

ಕ್ಯಾಲೆಂಡರಿನಲ್ಲಿ ಒಂದು ಹೊಳೆ ಇದೆ. ಹೊಳೆಯಲ್ಲಿ ದೋಣಿ. ದಡದಲ್ಲಿ ಒಬ್ಬ ಹೆಂಗಸು ಕೈ ಎತ್ತಿ ನಿಂತಿದ್ದಾಳೆ, ದೋಣಿಯವನನ್ನು ಕರೆಯುತ್ತಿರಬೇಕು. ಅವಳ ಮುಖ ಅಷ್ಟು ಸರಿಯಾಗಿ ಬಂದಿಲ್ಲ. ಪ್ಲೇಟಿನ ದೋಷ.

ಕಾಂಪೌಂಡರ್ ವಿಷಯ ಬರೆದಿದ್ದೀಯ. ಔಷಧಿ ತೆಗೆದುಕೊಳ್ಳುವಂಥದ್ದು ಏನಾಗಿದೆ ನಿನಗೆ? ಅಲಕ್ಷ್ಯ ಮಾಡಬೇಡ. ಆಸ್ಪತ್ರೆಯಲ್ಲೇ ಇರುವವಳು, ಒಳ್ಳೆಯ ಡಾಕ್ಟರಿಗೆ ತೋರಿಸು. ಹೊತ್ತುಹೊತ್ತಿಗೆ ಊಟ ಮಾಡು.

ವಟವಟ ಅತ್ತೆಯನ್ನು ಕೇಳುತ್ತಾಳೆ. ಮನೆಯವಳೂ ಕೇಳಿದ್ದಾಳೆಂದು ತಿಳಿಸಲು ಹೇಳಿದಳು.

ನಿನ್ನ ತಮ್ಮ

1988 ಏಪ್ರಿಲ್ 17

ಪ್ರೀತಿಯ ಕೋಲಣ್ಣಾ,

ನಿನ್ನ ಕಾಗದ ಓದಿ ನಾನು ಗಟ್ಟಿಯಾಗಿ ನಕ್ಕೆ. ಪಕ್ಕದ ಬೋರ್ಡಿನವಳು ಏನು ಎಂದು ಕೇಳಿದಳು, ಹೇಳಲಿಲ್ಲ. ನನಗೇನೂ ಕಾಯಿಲೆ ಇಲ್ಲ ಮಾರಾಯ. ಕಾಂಪೌಂಡರ್ ನನಗೆ ಔಷಧಿ ಕೊಡುವುದಿಲ್ಲ, ಪೇಪರ್ ಓದುತ್ತಾರೆ. ನನ್ನ ಕಾಗದವನ್ನು ನಿದ್ದೆಗಣ್ಣಿನಲ್ಲಿ ಓದಿದ್ದೀಯ. ಇದನ್ನಾದರೂ ಮುಖ ತೊಳೆದುಕೊಂಡು, ನಿಧಾನವಾಗಿ, ನೀನೊಬ್ಬನೇ ಓದು. ಸದ್ಯಕ್ಕೆ ನಿನ್ನವಳಿಗೂ ಹೇಳಬೇಡ.

ಮೊನ್ನೆ ಗೆಳತಿ ಊಟಕ್ಕೆ ಹೋಗಿದ್ದಾಗ ಅವರು ಪೇಪರ್ ಓದಿ ಮುಗಿಸಿ ಮಡಚಿಟ್ಟರು. ಎದ್ದು ಹೋಗಲಿಲ್ಲ. ಆಮೇಲೆ, "ನನಗೆ ಅಡುಗೆ ಬರುತ್ತೆ. ಮಾತು ಅಷ್ಟಾಗಿ ಬರಲ್ಲ. ನೀವು ಒಪ್ಪಿದ್ರೆ ಮದುವೆ ಮಾಡ್ಕೊಂಡು ಇಬ್ರೂ ಒಂದೇ ಮನೇಲಿ ಇರಬಹುದು ಅಂತ ಯೋಚನೆ ಮಾಡಿದೀನಿ" ಎಂದರು.

ನಾನು ಕೇಳಿಯೇಬಿಟ್ಟೆ, "ಕರುಣೆಯಿಂದ ಕೇಳ್ತಿದೀರಾ?"

"ಕರುಣೆ ಆಗಿದ್ರೆ ಪೇಪರ್ ಓದಿ ಅಷ್ಟಕ್ಕೇ ನಿಲ್ಲಿಸ್ತಿದ್ದೆ" ಎಂದರು.

ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮಗ ದೊಡ್ಡವನು, ದೂರದಲ್ಲಿ ಕೆಲಸದಲ್ಲಿದ್ದಾನೆ, ಅವನಿಗೂ ಹೇಳಿದ್ದಾರಂತೆ. ಅವರಿಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗವಾಗಿದೆ. ಜೂನ್ ಮೊದಲ ವಾರ ಅಲ್ಲಿ ಸೇರಿಕೊಳ್ಳಬೇಕು. ಅಷ್ಟರೊಳಗೆ ನಾನು ಏನಾದರೊಂದು ಹೇಳಬೇಕು.

ಅವರು ನಡೆದಾಡುವಾಗ ಮೇಜು ಕುರ್ಚಿಗಳನ್ನು ಜರುಗಿಸಿದರೆ ಮತ್ತೆ ಅಲ್ಲೇ ತಂದಿಡುತ್ತಾರೆ. ನನಗೆ ಗ್ಲಾಸು ಕೊಡುವಾಗ ಕೈ ಹಿಡಿದು ಎಳೆಯುವುದಿಲ್ಲ, ಮೇಜಿನ ಮೇಲೆ ಸದ್ದಾಗುವಂತೆ ಇಡುತ್ತಾರೆ. ಇವೆಲ್ಲ ನನಗೆ ಗೊತ್ತು. ಆದರೆ ಮುಖ ನೋಡಿದರೆ ಮನುಷ್ಯ ಎಂಥವನೆಂದು ತಿಳಿಯುತ್ತದೆ ಎಂದು ಕಣ್ಣಿರುವವರೆಲ್ಲ ಹೇಳುತ್ತಾರೆ. ನನಗೆ ತಿಳಿದಿರುವುದು ಸಾಲದೇನೋ ಎಂಬ ಹೆದರಿಕೆ. ನಲವತ್ತಮೂರು ವರ್ಷ ಒಬ್ಬಳೇ ಸರಿಯಾಗಿ ಬದುಕಿದವಳು ಈಗ ಎಡವಿದರೆ ಜನ ನಗುತ್ತಾರೆ ಎನ್ನುವುದಕ್ಕಿಂತ, ನನ್ನ ಮೇಲೆ ನನಗಿರುವ ನಂಬಿಕೆಯೇ ಹೋದೀತು ಎಂಬ ಹೆದರಿಕೆ.

ನೀನು ಒಂದು ಸಲ ಬಾ. ಅವರನ್ನು ನೋಡು. ಬರಲು ಆಗದಿದ್ದರೆ ಬರಿ. ಉದ್ದಕ್ಕೆ ಬರೆಯಬೇಕಿಲ್ಲ. "ಹೂಂ" ಎಂದು ಬರೆದರೆ ಸಾಕು, ನನಗೆ ಧೈರ್ಯ ಬರುತ್ತದೆ. ಬೇಡವೆಂದರೆ ಅದನ್ನಾದರೂ ಬರಿ. ನಮ್ಮವರು ಎಂದು ಉಳಿದಿರುವುದು ನೀನೊಬ್ಬನೇ.

ದಾರಿ ಕಾಯುತ್ತಿರುತ್ತೇನೆ.

ನಿನ್ನ ಅಕ್ಕ

1988 ಮೇ 20

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಇಲ್ಲಿ ಬಿಸಿಲು ವಿಪರೀತ. ಪ್ರೆಸ್ಸಿನಲ್ಲಿ ಎರಡು ಫ್ಯಾನ್ ಕೆಟ್ಟಿವೆ. ಇಂಕಿನ ವಾಸನೆಗೆ ತಲೆನೋವು ಬರುತ್ತದೆ, ಬೇರೇನಿಲ್ಲ. ಶಾಲೆಗೆ ರಜೆಯಾದ್ದರಿಂದ ವಟವಟ ಇಡೀ ದಿನ ಮನೆಯಲ್ಲೇ ಇರುತ್ತಾಳೆ. ಹಲ್ಲು ಬಂದಿದೆ, ಸ್ವಲ್ಪ ಸೊಟ್ಟ.

ನೀನು ಬರೆದದ್ದನ್ನೆಲ್ಲ ಓದಿದೆ. ಕೆಲಸ, ಕೋಣೆ, ಗೆಳತಿ, ಎಲ್ಲ ಒಂದು ದಾರಿಗೆ ಬಂದು ನೀನು ನೆಮ್ಮದಿಯಾಗಿದ್ದೀಯ. ಅದೇ ನನಗೆ ಸಮಾಧಾನ. ಹೇಗಿದ್ದೀಯೋ ಹಾಗೇ ಇರು ಅಕ್ಕಾ. ಈ ವರ್ಷ ಅಲ್ಲಿಗೆ ಬರಲು ಆಗುವುದಿಲ್ಲ ಎಂದು ಕಾಣುತ್ತದೆ.

ನಿನ್ನ ತಮ್ಮ

1988 ಮೇ 29

ತಮ್ಮನಿಗೆ,

ನಿನ್ನ ಉತ್ತರ ತಲುಪಿತು. "ಹೇಗಿದ್ದೀಯೋ ಹಾಗೇ ಇರು" ಎಂದು ಬರೆದಿದ್ದೀಯ. ಅವರ ಹೆಸರು ಕೂಡ ಎತ್ತದೆ ಇಷ್ಟು ನಯವಾಗಿ ಬೇಡವೆನ್ನಲು ನೀನು ಯಾವಾಗ ಕಲಿತೆಯೋ. ಕುರುಡಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ನೇರವಾಗಿ ಬರೆದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ನಿನ್ನೆ ಅವರಿಗೆ ಆಗುವುದಿಲ್ಲ ಎಂದು ಹೇಳಿದೆ. ಕಾರಣ ಕೇಳಲಿಲ್ಲ. ಪೇಪರ್ ಓದಿಯೇ ಹೋದರು. ನಡುವೆ ಎಲ್ಲೂ ಹಾರಿಸಲಿಲ್ಲ, ಸಾವಿನ ಸುದ್ದಿಯನ್ನೂ ಓದಿದರು.

ಹೇಗಿದ್ದೆನೋ ಹಾಗೇ ಇದ್ದೇನೆ.

ಅಕ್ಕ

1988 ಆಗಸ್ಟ್ 14

ಅಕ್ಕಾ,

ಇದನ್ನು ಬರೆಯಲು ಕೂರುವುದು, ಏಳುವುದು, ಹೀಗೆಯೇ ವಾರ ಕಳೆಯಿತು. ಇನ್ನು ಮೇಲೆ ನನ್ನನ್ನು ಕೋಲಣ್ಣ ಎಂದು ಕರೆಯಬೇಡ. ನಿನ್ನ ಕೈಹಿಡಿದು ನಡೆಸುತ್ತಿದ್ದೆನೆಂದು ಅಮ್ಮ ಇಟ್ಟ ಹೆಸರು ಅದು. ನನಗೆ ಕಣ್ಣು ಹೋಗುತ್ತಿದೆ.

ಪೂರ್ತಿ ಕತ್ತಲೆಯಲ್ಲ. ಅದೇ ಯಾರಿಗೂ ಅರ್ಥವಾಗುವುದಿಲ್ಲ. ಸುತ್ತ ಇದೆ, ನಡುವೆ ಇಲ್ಲ. ಗಡಿಯಾರ ನೋಡಿದರೆ ಅಂಚು ಕಾಣುತ್ತದೆ, ಮುಳ್ಳು ಕಾಣುವುದಿಲ್ಲ. ಯಾರ ಮುಖ ನೋಡಲು ಹೋಗುತ್ತೇನೋ ಅವರ ಮುಖವೇ ಇರುವುದಿಲ್ಲ. ಕಿವಿ, ಕೂದಲು, ಭುಜ ಎಲ್ಲ ಇರುತ್ತದೆ. ಆ ಜಾಗ ಕಪ್ಪಾಗಿಯೂ ಇಲ್ಲ. ಒದ್ದೆ ಬಟ್ಟೆಯಿಂದ ಯಾರೋ ಉಜ್ಜಿಬಿಟ್ಟ ಹಾಗೆ. ನೆಲದ ಮೇಲೆ ಬಿದ್ದ ಸೂಜಿ ಓರೆಗಣ್ಣಿಗೆ ಹೊಳೆದರೆ ಎತ್ತಿಕೊಡುತ್ತೇನೆ. ಎದುರಿಗೇ ನಿಂತ ಬಸ್ಸಿನ ನಂಬರ್ ಓದಲಾರೆ. ಸೂಜಿ ಕಾಣುವವನಿಗೆ ಬಸ್ಸು ಕಾಣುವುದಿಲ್ಲವೇ ಎಂದು ಜನ ನಗುತ್ತಾರೆ. ಕಣ್ಣಿನ ಹಿಂದಿನ ಪರದೆ ನಡುಭಾಗದಲ್ಲಿ ಸಾಯುತ್ತಿದೆ, ಕನ್ನಡಕದಿಂದಲೂ ಆಪರೇಷನ್ನಿನಿಂದಲೂ ಆಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು.

ಪ್ರೆಸ್ಸಿನಲ್ಲಿ ಬಹಳ ದಿನ ಮುಚ್ಚಿಟ್ಟೆ. ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡುವುದೇ ನನ್ನ ಕೆಲಸ. ನೋಡಿದಂತೆ ಮಾಡಿ ಸರಿ ಇದೆ ಎನ್ನುತ್ತಿದ್ದೆ. ಯಾರನ್ನಾದರೂ ನೋಡಬೇಕಾದರೆ ನಾನು ಪಕ್ಕಕ್ಕೆ ಕಣ್ಣು ಹಾಯಿಸಬೇಕು, ಆಗಷ್ಟೇ ಅವರು ಓರೆಯಲ್ಲಿ ಕಾಣುತ್ತಾರೆ. ಮಾಲೀಕರು ಇದನ್ನೇ ಹಿಡಿದುಕೊಂಡರು. "ಯಾಕಯ್ಯ, ಮುಖ ಕೊಟ್ಟು ಮಾತಾಡಲ್ಲ? ಏನ್ ತಪ್ಪು ಮಾಡಿದೀಯ?" ಎಂದು ಎಲ್ಲರೆದುರು ಕೇಳಿದರು. ಔಷಧಿ ಬಾಟಲಿಯ ಲೇಬಲ್ಲುಗಳ ಒಂದು ಇಡೀ ಲಾಟು ಬಣ್ಣ ತಪ್ಪಿ ಹೋದ ಮೇಲೆ ನನ್ನನ್ನು ಕಟ್ಟು ಕಟ್ಟುವ ಕಡೆಗೆ ಹಾಕಿದರು. ಜೂನಿನಲ್ಲಿ ನಾನೇ ಬಿಟ್ಟೆ.

ನಿನ್ನ ಕಾಗದಗಳ ವಿಷಯ ಹೇಳಬೇಕು. ಮಾರ್ಚಿನದನ್ನು ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಅಲ್ಲೊಂದು ಇಲ್ಲೊಂದು ಪದ ಓದಿದೆ. ಆಮೇಲೆ ಬಂದವುಗಳಲ್ಲಿ ಒಂದಕ್ಷರವನ್ನೂ ಓದಿಲ್ಲ. ಬರೆಯಲು ಕಣ್ಣು ಬೇಕಿಲ್ಲ, ಹಲಗೆಯ ಮೇಲೆ ಕೈ ತಾನೇ ಹೋಗುತ್ತದೆ. ಅಂದಾಜಿನಲ್ಲಿ ಏನೋ ಬರೆದು ಕಳಿಸುತ್ತಿದ್ದೆ. ಮನೆಯವಳು "ಅಕ್ಕ ಏನ್ ಬರ್ದಿದಾರೆ?" ಎಂದು ಕೇಳಿದರೆ ನಿನ್ನ ಕಾಗದವನ್ನು ಎದುರಿಗೆ ಹಿಡಿದುಕೊಂಡು ಏನಾದರೂ ಕಟ್ಟಿ ಹೇಳುತ್ತಿದ್ದೆ. ಅವಳು ನಂಬುತ್ತಿದ್ದಳು. ಎಲ್ಲ ಟ್ರಂಕಿನಲ್ಲಿವೆ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ನಿನ್ನ ಮುಂದೆ ಕಣ್ಣಿನ ಗೋಳು ಹೇಳಿಕೊಳ್ಳಲು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನಿನಗೆ ನೋಡಿ ಹೇಳುವುದನ್ನು ಬಿಟ್ಟರೆ ನಾನು ನಿನಗೆ ಬೇರೆ ಏನು ಎಂದು ನನಗೇ ತಿಳಿದಿರಲಿಲ್ಲ.

ಹೋದ ವಾರ ವಟವಟಳನ್ನು ಕರೆತರಲು ಶಾಲೆಗೆ ಹೋಗಿದ್ದೆ. ಗೇಟಿನಿಂದ ಮಕ್ಕಳು ಹೊರಗೆ ನುಗ್ಗಿದರು. ಎಲ್ಲರದೂ ಒಂದೇ ಬಟ್ಟೆ. ನೀಲಿ ರಿಬ್ಬನ್ನಿನ ಜಡೆಯೊಂದು ಓರೆಯಲ್ಲಿ ಕಂಡಿತು. ಹೋಗಿ ಕೈ ಹಿಡಿದು, ನಡಿ ಎಂದು ಎಳೆದೆ. ಆ ಮಗು ಕಿರುಚಿಕೊಂಡಿತು. ವಟವಟಳೇ ತಮಾಷೆ ಮಾಡುತ್ತಿದ್ದಾಳೆಂದು ನಾನು ಇನ್ನೂ ಗಟ್ಟಿಯಾಗಿ ಹಿಡಿದೆ. ಒಬ್ಬ ಹೆಂಗಸು ಬಂದು ಕೈ ಕಿತ್ತುಕೊಂಡಳು. ಜನ ಸೇರಿದರು. ಯಾರೋ ಕಾಲರ್ ಹಿಡಿದರು. ನೋಡು, ಮುಖ ಕೂಡ ಕೊಡ್ತಿಲ್ಲ, ಕಳ್ಳ, ಎಂದು ಅವರಲ್ಲೊಬ್ಬ ಹೇಳಿದ.

ಅಷ್ಟರಲ್ಲಿ ವಟವಟ ಗುಂಪಿನೊಳಗೆ ನುಸುಳಿ ಬಂದು ನನ್ನ ಮುಂದೆ ನಿಂತಳು. "ಬಿಡಿ ಅವರನ್ನ. ನಮ್ಮಪ್ಪಂಗೆ ಕಣ್ಣು ಕಾಣಲ್ಲ" ಎಂದಳು.

ಆ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅವಳಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ, ಅಷ್ಟು ಮಾತಾಡುವ ಮಗು. ಅವಳ ಕಡೆ ನೋಡಿದರೆ ರಿಬ್ಬನ್ ಇದೆ, ಬ್ಯಾಗ್ ಇದೆ, ಮುಖ ಇಲ್ಲ. ಹೊಸ ಹಲ್ಲು ಸೊಟ್ಟ ಎಂದು ನಿನಗೆ ಬರೆದಿದ್ದೆನಲ್ಲ, ಅದು ಮನೆಯವಳು ಹೇಳಿದ್ದು. ನಾನು ನೋಡಿಲ್ಲ.

ಇದು ಬದುಕಲ್ಲ ಅಕ್ಕಾ. ಕಣ್ಣಿಲ್ಲದೆ ಬದುಕುವುದಕ್ಕಿಂತ ಒಂದೇ ಸಲ ಹೋಗುವುದು ಮೇಲು ಎನ್ನಿಸುತ್ತದೆ.

ಇನ್ನು ಮೇಲೆ ಯಾರ ಕೈಯಲ್ಲಾದರೂ ಮಾಮೂಲಿ ಅಕ್ಷರದಲ್ಲಿ ಬರೆಸು. ಮನೆಯವಳು ಓದಿ ಹೇಳುತ್ತಾಳೆ.

ತಮ್ಮ

1988 ಆಗಸ್ಟ್ 23

ತಮ್ಮಾ,

ಇದನ್ನು ಪಕ್ಕದ ಬೋರ್ಡಿನ ಗೆಳತಿ ಬರೆಯುತ್ತಿದ್ದಾಳೆ. ಅಲ್ಲಿ ನಿನ್ನವಳು ಓದುತ್ತಾಳೆ. ನಮ್ಮಿಬ್ಬರ ನಡುವೆ ಹೀಗೆ ಇಬ್ಬರು ಕೂತಿರುವುದು ಇದೇ ಮೊದಲು. ಅವರಿಬ್ಬರೂ ನಮ್ಮವರೇ, ಆದರೂ ಕೆಲವು ಮಾತು ಬಾಯಿಗೆ ಬರುವುದಿಲ್ಲ. ಬರುವಷ್ಟನ್ನು ಹೇಳುತ್ತೇನೆ.

ಸುದ್ದಿ ತಿಳಿದು ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನೀನು ಒಬ್ಬನೇ ಇಷ್ಟು ದಿನ ಇದನ್ನು ಹೊತ್ತುಕೊಂಡು ತಿರುಗಿದೆ ಎನ್ನುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಶಾಲೆಯ ಗೇಟಿನ ಸಂಗತಿ ಓದುವಾಗ ಹಾಳೆ ಒದ್ದೆಯಾಗಿ ಕೆಲವು ಚುಕ್ಕಿ ಕೂತುಹೋದವು.

ಆದರೆ ಕೊನೆಕೊನೆಗೆ ಒಂದು ಸಾಲಿನ ಹತ್ತಿರ ಬೆರಳು ನಿಂತಿತು. ಕಣ್ಣಿಲ್ಲದೆ ಬದುಕುವುದಕ್ಕಿಂತ ಹೋಗುವುದು ಮೇಲು ಎಂದು ಬರೆದಿದ್ದೀಯ. ಆ ಕಾಗದವನ್ನು ಯಾರಿಗೆ ಬರೆಯುತ್ತಿದ್ದೀಯ ಎಂಬುದನ್ನು ಮರೆತೆಯಾ? ನಾನು ಅಡುಗೆ ಮಾಡಿಕೊಳ್ಳುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಜಗಳ ಆಡುತ್ತೇನೆ, ಹಾಸ್ಯ ಮಾಡುತ್ತೇನೆ. ಇದನ್ನೆಲ್ಲ ಬದುಕು ಎಂದು ನಾನು ತಿಳಿದುಕೊಂಡಿದ್ದೆ. ಚಿಕ್ಕಂದಿನಿಂದ ನನ್ನ ಕೈ ಹಿಡಿದು ನಡೆಯುವಾಗೆಲ್ಲ ನೀನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದು ಇದೇನಾ? ಪಾಪ, ಇವಳು ಯಾಕಾದರೂ ಇದ್ದಾಳೆ ಎಂದು? ಬೇರೆ ಯಾರು ಅಂದುಕೊಂಡರೂ ನನಗೆ ಲೆಕ್ಕಕ್ಕಿಲ್ಲ. ನೀನು ಅಂದುಕೊಂಡಿದ್ದರೆ ನನಗೆ ಹೋಗಿ ನಿಲ್ಲಲು ಜಾಗವಿಲ್ಲ.

ಗೆಳತಿ ಪೆನ್ನು ಕೆಳಗಿಟ್ಟು, ಇದು ಬೇಡ ಬಿಡಿ, ಅವರಿಗೆ ನೋವಾಗುತ್ತದೆ ಎನ್ನುತ್ತಿದ್ದಾಳೆ. ಬರಿ ಎಂದಿದ್ದೇನೆ.

ನಿನ್ನ ಊರಿನಲ್ಲೇ ಕುರುಡರಿಗೆ ತರಬೇತಿ ಕೊಡುವ ಕೇಂದ್ರವಿದೆ. ವಿಚಾರಿಸಿದ್ದೇನೆ. ಅಲ್ಲಿನ ಮೇಷ್ಟ್ರು ನನ್ನ ಶಾಲೆಯವರೇ. ಹೋಗು. ನಿನಗೆ ಅಕ್ಷರ ಗೊತ್ತು, ಬೆರಳಿಗೆ ಗೊತ್ತಿಲ್ಲ ಅಷ್ಟೇ, ಅದಕ್ಕೂ ಕಲಿಸು.

ಟ್ರಂಕಿನಲ್ಲಿರುವ ಕಾಗದಗಳ ಚಿಂತೆ ಬೇಡ. ಅವುಗಳಲ್ಲಿ ಮುಖ್ಯವಾದದ್ದು ಏನೂ ಇಲ್ಲ, ಇಲ್ಲಿನ ಹಾಳು ಹರಟೆ. ಹಾಕಿಬಿಡು, ಮನೆಯಲ್ಲಿ ಜಾಗವಾದರೂ ಆಗುತ್ತದೆ.

ಅಕ್ಕ

1989 ಜನವರಿ 15

ಪ್ರೀತಿಯ ಅಕ್ಕನಿಗೆ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಆಗಸ್ಟಿನ ಕಾಗದವನ್ನು ಇವಳು ಓದುತ್ತಾ ಓದುತ್ತಾ ನಡುವೆ ನಿಲ್ಲಿಸಿ ಒಳಗೆ ಹೋದಳು. ಮತ್ತೆ ಬಂದು ಪೂರ್ತಿ ಮಾಡಿದಳು. ನಿನಗೆ ಉತ್ತರ ಕೊಡುವ ಮುಖ ನನಗಿರಲಿಲ್ಲ.

ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಮೇಷ್ಟ್ರು ನನ್ನ ಬೆರಳು ಮುಟ್ಟಿ ನೋಡಿ, ಇಂಕು ಸೀಮೆಎಣ್ಣೆ ತಿಂದು ತಿಂದು ಚರ್ಮ ದಪ್ಪವಾಗಿದೆ ಎಂದು ನಕ್ಕರು. ನಾನು ಹಾಳೆಯ ಮೇಲೆ ಬಗ್ಗಿ ಓರೆಗಣ್ಣಿನಲ್ಲಿ ಚುಕ್ಕಿ ಹುಡುಕುತ್ತಿದ್ದೆ. ಕಣ್ಣು ಕಾಣದ ಅವರಿಗೆ ಅದು ಹೇಗೆ ಗೊತ್ತಾಯಿತೋ. "ಉಳಿದಿರೋ ಕಣ್ಣನ್ನ ಬೇರೆ ಕೆಲಸಕ್ಕೆ ಇಟ್ಕೊಳ್ಳಿ. ಇದಕ್ಕೆ ಬೇಡ" ಎಂದರು. ಕಣ್ಣು ಮುಚ್ಚಿಕೊಂಡು ಕೂತೆ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಗೊತ್ತಿದ್ದ ಅಕ್ಷರಗಳು ಒಂದೂ ಗುರುತು ಸಿಗಲಿಲ್ಲ. ಅಕ್ಕಿಯ ಮೇಲೆ ಕೈಯಾಡಿಸಿದ ಹಾಗಿತ್ತು. ಬಿಡದೆ ಹೋದೆ. ಬರಬರುತ್ತಾ ಒಂದು ಪದ, ಆಮೇಲೆ ಒಂದು ಸಾಲು.

ಮನೆಯಲ್ಲಿ ಅಭ್ಯಾಸಕ್ಕೆ ಓದಲು ನಿನ್ನ ಕಾಗದಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಕಿಬಿಡು ಎಂದಿದ್ದೆ, ನನಗೆ ಮನಸ್ಸು ಬಂದಿರಲಿಲ್ಲ. ಹಳೆಯವನ್ನು ಮೊದಲು ಓದಿದೆ, ವಿಷಯ ನೆನಪಿದ್ದುದರಿಂದ ಸುಲಭವಾಯಿತು. ಹೋದ ವಾರ ಏಪ್ರಿಲಿನ ಕಾಗದ ತೆಗೆದುಕೊಂಡೆ. ಮಗ್ಗಿ ಕಲಿಯುವ ಮಗುವಿನ ಹಾಗೆ ತಡವರಿಸಿಕೊಂಡು ಓದುತ್ತಿದ್ದೆ. ಪೇಪರ್ ಓದುತ್ತಾರೆ ಎನ್ನುವ ಕಡೆ ನಗು ಬಂತು. ಆಮೇಲೆ ಅವರು ಎದ್ದು ಹೋಗದೆ ಕೂತದ್ದು, ಕೇಳಿದ್ದು, ನೀನು ನನ್ನನ್ನು ಬಾ ಎಂದು ಕರೆದದ್ದು. ಒಂದು ಪದ ತಿಳಿದು ಮುಂದಿನ ಪದ ಬರುವವರೆಗೆ ಎಷ್ಟು ಹೊತ್ತು. "ಹೂಂ ಎಂದು ಬರೆದರೆ ಸಾಕು" ಎಂಬಲ್ಲಿಗೆ ಬಂದಾಗ, ತಪ್ಪಾಗಿ ಓದಿದೆನೇನೋ ಎಂದು ಮತ್ತೆ ಮೊದಲಿನಿಂದ ಓದಿದೆ.

ನಾನು ಅದಕ್ಕೆ ಏನು ಉತ್ತರ ಕೊಟ್ಟಿದ್ದೆ ಎಂಬುದೇ ನೆನಪಿರಲಿಲ್ಲ. ಮೇ ತಿಂಗಳ ನಿನ್ನ ಕಾಗದದಲ್ಲಿ ಅದು ಸಿಕ್ಕಿತು.

ಗೋಡೆಗೆ ಒರಗಿ ಕೂತುಬಿಟ್ಟೆ. ಇವಳು ಬಂದು ಏನಾಯಿತು ಎಂದಳು. ಈ ಸಲ ಕಟ್ಟಿ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ. ಅವಳು ನನ್ನ ಪಕ್ಕದಲ್ಲಿ ಕೂತಳು. "ಅಕ್ಕ ಆಗಸ್ಟಲ್ಲೇ ಇದನ್ನ ಹೇಳಿ ನಿಮ್ಮನ್ನ ಬೈಬಹುದಿತ್ತು. ಹೇಳಲಿಲ್ಲ ನೋಡಿ" ಎಂದಳು.

ಹೂಂ ಅಕ್ಕಾ. ಆ ದಿನವೇ ಬರೆಯುತ್ತಿದ್ದೆ. ಅವರನ್ನು ನೋಡುವ ಅಗತ್ಯವೇ ಇರಲಿಲ್ಲ. ಗ್ಲಾಸನ್ನು ಸದ್ದಾಗುವಂತೆ ಇಡುತ್ತಾರೆ ಎಂದು ಓದಿದ ಮೇಲೆ ಮುಖ ಹೇಗಿದ್ದರೇನು. ಅವರು ಈಗ ಎಲ್ಲಿದ್ದಾರೆ ಹೇಳು. ನಾನೇ ಹೋಗಿ, ತಪ್ಪು ನನ್ನದು ಎಂದು ಹೇಳುತ್ತೇನೆ.

ಇನ್ನೊಂದು ಮಾತು. ನಿನ್ನ ಬದುಕನ್ನು ನೋಡಿ ನಾನು ಯಾವತ್ತೂ ಪಾಪ ಎಂದುಕೊಂಡಿಲ್ಲ. ನನಗೆ ಭಯವಾದದ್ದು ನಿನ್ನ ಹಾಗೆ ಆಗುತ್ತೇನೆ ಎಂದಲ್ಲ. ನಿನ್ನ ಹಾಗೆ ಆಗಲು ನನ್ನಿಂದ ಆಗುವುದಿಲ್ಲ ಎಂದು. ನೀನು ಇರುವ ಮನೆ ನಿನ್ನದೇ. ನನ್ನನ್ನು ನನ್ನ ಮನೆಯಿಂದ ದಿನಕ್ಕಷ್ಟು ದಿನಕ್ಕಷ್ಟು ಹೊರಗೆ ಹಾಕುತ್ತಿದ್ದಾರೆ. ಎರಡನ್ನೂ ಜನ ಕುರುಡು ಎಂದೇ ಕರೆಯುತ್ತಾರೆ.

ಇನ್ನು ನಾವು ಏನನ್ನೂ ಮುಚ್ಚಿಡುವುದು ಬೇಡ. ಬ್ರೈಲಿನಲ್ಲೇ ಬರಿ. ತಡವಾದರೂ ಓದುತ್ತೇನೆ.

ನಿನ್ನ ತಮ್ಮ

1989 ಫೆಬ್ರವರಿ 5

ಪ್ರೀತಿಯ ತಮ್ಮಾ,

ನಿನ್ನ "ಹೂಂ" ತಲುಪಿತು. ಎಷ್ಟು ಬಲವಾಗಿ ಒತ್ತಿದ್ದೀಯ ಎಂದರೆ ಹಾಳೆ ಅಲ್ಲಿ ತೂತಾಗಿದೆ.

ಮುಚ್ಚಿಡುವುದು ಬೇಡ ಎಂದು ನೀನೇ ಬರೆದಿದ್ದೀಯ. ಹಾಗಾಗಿ ಇದನ್ನೂ ಬರೆಯುತ್ತೇನೆ. ನೀನು ಬೇಡವೆಂದಿರಲಿಲ್ಲ ಎಂದು ಆಗಸ್ಟಿನಲ್ಲೇ ನನಗೆ ತಿಳಿಯಿತು. ಅವತ್ತೇ ಅವರಿಗೆ ಫೋನ್ ಮಾಡಬಹುದಿತ್ತು. ಅವರಿರುವ ಆಸ್ಪತ್ರೆಯ ಬೋರ್ಡಿನವರ ಧ್ವನಿ ನನಗೆ ಪರಿಚಯ, ದಿನವೂ ಲೈನ್ ಕೊಡುತ್ತೇನೆ. ಒಮ್ಮೆ ಬೇಡ ಎಂದ ಮೇಲೆ ಈಗ ಬೇಕು ಎನ್ನುವುದು ಹೇಗೆ ಎಂದು ಹಿಂಜರಿದೆ. ಇವತ್ತಲ್ಲ ನಾಳೆ, ಮುಂದಿನ ವಾರ, ಎಂದು ದೂಡಿದೆ. ಅದು ನಿನ್ನ ತಪ್ಪಲ್ಲ. ಮೇ ತಿಂಗಳಲ್ಲೂ ಬೇಡ ಎಂದದ್ದು ನನ್ನ ಬಾಯಿ, ನಿನ್ನದಲ್ಲ. ನನಗೆ ತಿಳಿದದ್ದು ಸಾಲದು ಎಂದು ನಿನ್ನನ್ನು ಕೇಳಿದೆ. ಸಾಕಾಗಿತ್ತು.

ನಿನ್ನ ಕಾಗದ ಓದಿದ ಮರುದಿನ ಫೋನ್ ಮಾಡಿದೆ. ಕಾಂಪೌಂಡರನ್ನು ಕರೆಸಿ ಎಂದೆ. ಕಾಯುವಾಗ ಆ ಕಡೆಯ ಕಾರಿಡಾರಿನಲ್ಲಿ ಅವರು ನಡೆದು ಬರುವ ಹೆಜ್ಜೆ ಕೇಳಿಸಿತು. ಹಲೋ ಎಂದರು.

"ನಾನು" ಎಂದೆ.

"ಗೊತ್ತಾಯ್ತು" ಎಂದರು.

ಹೇಗಿದ್ದೀರಿ ಎಂದು ಕೇಳಿದೆ. ಚೆನ್ನಾಗಿದ್ದೇನೆ ಎಂದರು. ಆಮೇಲೆ, "ಹೋದ ತಿಂಗಳು ಮದುವೆ ಆಯ್ತು. ಇಲ್ಲೇ ಶಾಲೆ ಟೀಚರು. ನಿಮಗೆ ಹೇಗೆ ತಿಳಿಸೋದು ಅಂತ ಗೊತ್ತಾಗ್ಲಿಲ್ಲ" ಎಂದರು.

ಒಳ್ಳೆಯದಾಯಿತು ಎಂದೆ. ನಿಜವಾಗಿಯೂ ಒಳ್ಳೆಯದೇ. ಅವರಿಗೆ ಒಂಟಿಯಾಗಿರಲು ಬರುವುದಿಲ್ಲ. ಯಾಕೆ ಫೋನ್ ಮಾಡಿದಿರಿ ಎಂದು ಅವರು ಕೇಳಿದರು.

"ಲೈನ್ ಸರಿ ಇದೆಯಾ ಅಂತ ನೋಡ್ತಿದ್ದೆ" ಎಂದೆ.

ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಪೇಪರ್ ಓದುವಾಗ ಎಳೆದುಕೊಳ್ಳುತ್ತಿದ್ದರಲ್ಲ, ಅದೇ ಉಸಿರು. "ಸರಿ ಇದೆ. ಚೆನ್ನಾಗಿ ಕೇಳಿಸ್ತಿದೆ" ಎಂದರು.

ಇಟ್ಟೆ. ಬೇರೆ ಕಾಲ್ ಬರುತ್ತಿತ್ತು, ತೆಗೆದುಕೊಂಡೆ. ಹೆರಿಗೆ ವಾರ್ಡು ಕೇಳಿದರು, ಕೊಟ್ಟೆ. ಪಕ್ಕದವಳು ಮೂಗು ಸೋರುತ್ತಿದೆಯಲ್ಲ, ನೆಗಡಿಯಾ ಎಂದಳು. ಹೌದು ಎಂದೆ.

ನಾನು ಹುಟ್ಟಿನಿಂದ ಕಾಣದವಳು. ಇಲ್ಲದ್ದನ್ನು ಕಳೆದುಕೊಂಡವಳಲ್ಲ. ಹೋಗುವುದು ಮೇಲು ಎಂಬ ನಿನ್ನ ಆಗಸ್ಟಿನ ಸಾಲು ಓದಿ ಸಿಟ್ಟು ಮಾಡಿಕೊಂಡಾಗ, ಇದ್ದದ್ದು ಹೋಗುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತು. ಇನ್ನು ಅಂಥ ಸಾಲು ಬರೆಯಬೇಕೆನಿಸಿದರೆ ಬರಿ, ನಾನು ಬೈಯುವುದಿಲ್ಲ. ಬರೆದ ಮೇಲೆ ಮಾತ್ರ ಊಟ ಮಾಡು, ಮಲಗು, ಬೆಳಿಗ್ಗೆ ಕೇಂದ್ರಕ್ಕೆ ಹೋಗು.

ಅವರ ಹತ್ತಿರ ನೀನು ಹೋಗುವುದು ಬೇಡ. ನನ್ನ ಹತ್ತಿರ ಬಾ. ನಿನ್ನವಳು ಜೊತೆಗೆ ಬರುತ್ತೇನೆ ಎನ್ನುತ್ತಾಳೆ, ಈ ಸಲ ಬೇಡ ಎನ್ನು. ಕಂಡಕ್ಟರಿಗೆ ಹೇಳಿದರೆ ಇಳಿಸುತ್ತಾನೆ. ಹದಿನೆಂಟನೇ ತಾರೀಖು ಶನಿವಾರ, ನನಗೆ ಮಧ್ಯಾಹ್ನದ ಮೇಲೆ ಬಿಡುವು. ನಾನು ಬಸ್ ನಿಲ್ದಾಣಕ್ಕೆ ಬಂದು ನಿನ್ನನ್ನು ಕೂಗುತ್ತೇನೆ. ನೀನು ಇಳಿದ ಜಾಗದಲ್ಲೇ ನಿಂತು ಓಗೊಡು, ಹುಡುಕಿಕೊಂಡು ಓಡಾಡಬೇಡ. ಇಬ್ಬರೂ ಓಡಾಡಿದರೆ ಸಂಜೆಯಾದರೂ ಸಿಗುವುದಿಲ್ಲ.

ನಿನ್ನ ಅಕ್ಕ